ಸಂತೆ ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ನೋವಿಗೊಂದು ಕೊಠಡಿ ತೆರೆಯಿರಿ

ಕೊಡಗು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಜಿಲ್ಲಾ ಪಂಚಾಯತಿಯವರಿಗೆ, ಜೊತೆಗೆ ನಮ್ಮ ಜಿಲ್ಲೆಯ ತೋಟದ ಮಾಲೀಕರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ದಿನ, ಅದೂ ಆ ಊರಿನ ಸಂತೆ ದಿನ, ಹಳೆಯ ನೋವಿಗಾಗಿಯೇ ಒಂದು ಕೊಠಡಿ ತೆರೆಯಿರಿ. ಅಲ್ಲಿ ಒಬ್ಬರು ಫಿಸಿಯೋಥೆರಪಿಸ್ಟ್ ಇರಲಿ. ಅವರ ಹತ್ತಿರ ಟೆನ್ಸ್ ಅನ್ನುವ ಪುಟ್ಟ ಯಂತ್ರಗಳು ಇರಲಿ. ಚರ್ಮದ ಮೇಲೆ ಪ್ಯಾಡ್ ಅಂಟಿಸಿ, ನರಕ್ಕೆ ಸಣ್ಣದಾಗಿ ಕರೆಂಟು ಕೊಟ್ಟು ನೋವು ತಗ್ಗಿಸುವ ಯಂತ್ರ ಅದು. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಅದರಿಂದ ಯಾರಿಗೆ ಉಪಯೋಗ ಆಗುತ್ತದೋ ಅವರಿಗೆ ಮನೆಗೆ ತೆಗೆದುಕೊಂಡು ಹೋಗಲು ಕೊಡಿ, ಕೆಲಸ ಮುಗಿದ ಮೇಲೆ ವಾಪಸ್ ಪಡೆಯಿರಿ. ಇಷ್ಟೇ ಕೋರಿಕೆ. ಯಾಕೆ ಕೇಳುತ್ತಿದ್ದೇನೆ ಅನ್ನುವುದಕ್ಕೆ ಈ ಉದ್ದದ ಪತ್ರ.

ನಮ್ಮ ಜಿಲ್ಲೆಯ ದುಡಿಮೆ ಪೂರ್ತಿ ನಿಂತಿರುವುದು ಸೊಂಟ, ಮಂಡಿ, ಭುಜದ ಮೇಲೆ. ನವೆಂಬರ್ ಹೊತ್ತಿಗೆ ಅರೇಬಿಕಾ ಕಾಫಿ ಹಣ್ಣು ಕೊಯ್ಲು ಶುರು, ಅದರ ಬೆನ್ನಿಗೇ ರೋಬಸ್ಟಾ, ಅದು ಮುಗಿಯುವ ಹೊತ್ತಿಗೆ ಹೂವಿಗೆ ನೀರು ಹಾಯಿಸಲು ಪೈಪು ಹೊರುವ ಕೆಲಸ, ಆಮೇಲೆ ಏಣಿ ಹತ್ತಿ ಮೆಣಸು ಕೊಯ್ಯುವುದು, ಮಳೆಗೆ ಮೊದಲು ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ, ಮಳೆ ಹಿಡಿದ ಮೇಲೆ ಗೊಬ್ಬರ, ಕಳೆ, ಚಿಗುರು ತೆಗೆಯುವುದು. ವರ್ಷದಲ್ಲಿ ಸೊಂಟಕ್ಕೆ ರಜೆ ಅಂತ ಒಂದು ತಿಂಗಳು ಇಲ್ಲ. ಹಣ್ಣು ಕೊಯ್ಯುವವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಅದಕ್ಕೇ ನೋವಿದೆ ಅಂತ ನಿಧಾನ ಮಾಡಿದರೆ ಆ ದಿನದ ಸಂಪಾದನೆಯೇ ಕಡಿಮೆ. ಸಂಜೆ ತುಂಬಿದ ಚೀಲವನ್ನು ತಲೆ ಮೇಲೆ ಹೊತ್ತು, ಇಳಿಜಾರಿನಲ್ಲಿ ಕಾಲು ಜಾರದ ಹಾಗೆ ನೋಡಿಕೊಂಡು, ತೂಕ ಹಾಕುವ ಜಾಗಕ್ಕೆ ಬರುವ ಹೆಂಗಸರನ್ನು ನೀವೂ ನೋಡಿರುತ್ತೀರಿ. ಯರವರು, ಪಣಿಯರು, ಜೇನುಕುರುಬರು, ಈಗ ಅಸ್ಸಾಮಿನಿಂದ ಬಂದವರು, ಎಲ್ಲರದ್ದೂ ಒಂದೇ ಕಥೆ. ಸಣ್ಣ ಬೆಳೆಗಾರರೂ ಇದರಿಂದ ಹೊರಗಿಲ್ಲ. ಆಳು ಸಿಗದೆ ಗಂಡ ಹೆಂಡತಿ ಇಬ್ಬರೇ ತೋಟ ಮಾಡುವ ಮನೆಗಳು ಈಗ ಎಷ್ಟೊಂದು ಇವೆ! ಇನ್ನು ಸೈನ್ಯದಿಂದ ನಿವೃತ್ತರಾಗಿ ಬಂದ ನಮ್ಮ ಹಿರಿಯರ ಮಂಡಿಗಳನ್ನು ಕೇಳಲೇಬೇಡಿ.

ಈ ನೋವಿಗೆ ನಮ್ಮಲ್ಲಿ ಈಗ ಇರುವ ಮದ್ದು ಏನು? ಬಟವಾಡೆ ಆದ ಮೇಲೆ ಸಂತೆಗೆ ಬರುತ್ತಾರೆ. ಅಕ್ಕಿ, ಒಣಮೀನು, ಸೋಪು ತೆಗೆದುಕೊಳ್ಳುತ್ತಾರೆ. ಹಾಗೇ ಮೆಡಿಕಲ್ ಶಾಪ್ ಮುಂದೆ ನಿಂತು ಸೊಂಟ ನೋವಿಗೆ ಒಂದು ಸ್ಟ್ರಿಪ್ ಮಾತ್ರೆ ಕೊಡಿ ಅನ್ನುತ್ತಾರೆ. ಜಾಸ್ತಿ ಸಲ ಸಿಗುವುದು ಡೈಕ್ಲೋಫೆನಾಕ್, ಇಲ್ಲವೇ ಅದರ ಅಣ್ಣತಮ್ಮಂದಿರು. ಚೀಟಿ ಇಲ್ಲದೆ ಕೊಡಬಾರದ ಔಷಧಿ ಅದು. ಖಾಲಿ ಹೊಟ್ಟೆಯಲ್ಲಿ ನುಂಗಿ ಕೆಲಸಕ್ಕೆ ಇಳಿಯುತ್ತಾರೆ. ಎರಡು ದಿನಕ್ಕೆ ಪರವಾಗಿಲ್ಲ, ವರ್ಷಗಟ್ಟಲೆ ನುಂಗಿದರೆ ಏನಾಗುತ್ತದೆ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು: ಹೊಟ್ಟೆಯಲ್ಲಿ ಹುಣ್ಣು, ಒಳಗೇ ರಕ್ತಸ್ರಾವ, ಬಿಪಿ ಏರುವುದು, ಕಿಡ್ನಿ ಹಾಳಾಗುವುದು, ಹೃದಯಕ್ಕೆ ಅಪಾಯ. ಬಿಪಿ, ಸಕ್ಕರೆ ಕಾಯಿಲೆ ಮೊದಲೇ ಇರುವ ವಯಸ್ಸಾದವರಿಗೆ ಇದು ಇನ್ನೂ ಕೆಟ್ಟದ್ದು. ಮಾತ್ರೆ ಸಾಲದಾದಾಗ ಹೆಸರಿಲ್ಲದ ಪುಡಿ ಮಾರುವವರು ಬರುತ್ತಾರೆ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ದೇಶದ ಬೇರೆ ಬೇರೆ ಕಡೆ ಸಿಕ್ಕಿಬಿದ್ದಿದೆ. ಇನ್ನು ಕೆಲವರು ಸಂಜೆ ಕುಡಿಯುವುದು ನೋವು ಮರೆಯುವುದಕ್ಕೇ. ಅದನ್ನು ಚಟ ಅಂತ ಬೈದು ಸುಮ್ಮನಾಗುವುದು ಸುಲಭ. ಮೈ ಹಿಂಡುವ ಹಾಗೆ ದುಡಿದವನು ರಾತ್ರಿ ಮಗ್ಗುಲು ಬದಲಿಸಲು ಆಗದೆ ಒದ್ದಾಡುವಾಗ ಅವನಿಗೆ ನಾವು ಬೇರೆ ಏನು ಕೊಟ್ಟಿದ್ದೇವೆ, ಹೇಳಿ?

ಮೂರು ತಿಂಗಳು ದಾಟಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎಂದು ಬೇರೆಯಾಗಿಯೇ ಲೆಕ್ಕ ಹಾಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಕಾಯಿಲೆ ಪಟ್ಟಿ 2022ರಿಂದ ಜಾರಿಗೆ ಬಂತು. ಅದರಲ್ಲಿ ಅದಕ್ಕೆ ಅದರದ್ದೇ ಜಾಗ ಇದೆ. ಅಂದರೆ ಗಾಯ ಮಾಗಿದ ಮೇಲೂ ನರ, ಬೆನ್ನುಹುರಿ, ಮೆದುಳು ನೋವಿನ ಸುದ್ದಿಯನ್ನೇ ಕಳಿಸುತ್ತಾ ಇರಬಹುದು. ಎಕ್ಸ್‌ರೇ ನೋಡಿ ಏನೂ ಇಲ್ಲ, ಹೋಗಿ ಅಂತ ಕಳಿಸಿದವರ ನೋವು ಸುಳ್ಳಲ್ಲ.

ಈಗ ಕರೆಂಟಿನ ವಿಷಯಕ್ಕೆ ಬರುತ್ತೇನೆ. ಕಾಲು ಎಡವಿದಾಗ ನಾವು ಏನು ಮಾಡುತ್ತೇವೆ? ಆ ಜಾಗವನ್ನು ಗಟ್ಟಿಯಾಗಿ ಉಜ್ಜುತ್ತೇವೆ, ಅಲ್ವಾ? ಸ್ವಲ್ಪ ಹಾಯೆನಿಸುತ್ತದೆ. ಇದು ಯಾಕೆ ಅನ್ನುವುದಕ್ಕೆ 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಅನ್ನುವ ಇಬ್ಬರು ಒಂದು ವಿವರಣೆ ಕೊಟ್ಟರು. ನೋವಿನ ಸುದ್ದಿ ತರುವ ನರದ ಎಳೆಗಳು ತೆಳುವಾಗಿರುತ್ತವೆ, ಮುಟ್ಟಿದ್ದು ಉಜ್ಜಿದ್ದು ತಿಳಿಸುವ ಎಳೆಗಳು ದಪ್ಪ. ಎರಡೂ ಬೆನ್ನುಹುರಿಗೆ ಬಂದು ಸೇರುವ ಜಾಗದಲ್ಲಿ ಒಂದು ಬಾಗಿಲಿನಂಥ ವ್ಯವಸ್ಥೆ ಇದೆ, ದಪ್ಪ ಎಳೆಗಳಿಂದ ಸುದ್ದಿ ಜಾಸ್ತಿ ಬಂದರೆ ಆ ಬಾಗಿಲು ನೋವಿಗೆ ಅರ್ಧ ಮುಚ್ಚಿಕೊಳ್ಳುತ್ತದೆ ಅಂತ ಅವರ ವಾದ. ಆ ವಿವರಣೆಯ ಕೆಲವು ವಿವರಗಳು ಆಮೇಲೆ ಬದಲಾದವು, ಆದರೆ ಮುಖ್ಯ ವಿಚಾರ ಉಳಿದುಕೊಂಡಿತು.

ಹಾಗಾದರೆ ಆ ದಪ್ಪ ಎಳೆಗಳನ್ನು ಕರೆಂಟಿನಿಂದ ಎಬ್ಬಿಸಿದರೆ? 1967ರಲ್ಲಿ ವಾಲ್ ಮತ್ತು ವಿಲಿಯಂ ಸ್ವೀಟ್ ಇದನ್ನು ಮಾಡಿ ನೋಡಿದರು. ಮೊದಲು ತಮ್ಮ ಮುಖದ ನರದ ಮೇಲೆಯೇ ಪ್ರಯೋಗ ಮಾಡಿಕೊಂಡರು ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ. ಆಮೇಲೆ ತೀವ್ರ ನೋವಿನ 8 ರೋಗಿಗಳ ಮೇಲೆ ಮಾಡಿದರು. ಸೆಕೆಂಡಿಗೆ 100 ಸಲ ಮಿಡಿಯುವ ಕರೆಂಟು. ಅವರಲ್ಲಿ 4 ಜನಕ್ಕೆ ಬರೀ 2 ನಿಮಿಷ ಕೊಟ್ಟ ಕರೆಂಟಿನಿಂದ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ನೋವು ತಗ್ಗಿತ್ತು. ಅದೇ ವರ್ಷ ಅಮೆರಿಕದ ನಾರ್ಮನ್ ಶೀಲಿ ಅನ್ನುವ ಸರ್ಜನ್ ಬೆನ್ನುಹುರಿಯ ಹತ್ತಿರವೇ ಕರೆಂಟಿನ ತಂತಿ ಇಡುವ ಆಪರೇಷನ್ ಮಾಡಿದರು. ಇದಕ್ಕೂ ತುಂಬಾ ಹಿಂದೆ, ಸುಮಾರು 2000 ವರ್ಷದ ಹಿಂದೆ, ರೋಮ್‌ನ ಸ್ಕ್ರಿಬೋನಿಯಸ್ ಲಾರ್ಗಸ್ ಅನ್ನುವ ವೈದ್ಯ ಕಾಲಿನ ಗೌಟ್ ನೋವಿಗೆ, ತಲೆನೋವಿಗೆ ಕರೆಂಟು ಹೊಡೆಯುವ ಮೀನನ್ನು ಬಳಸಲು ಬರೆದಿಟ್ಟಿದ್ದಾನೆ. ನೋವಿಗೆ ಕರೆಂಟು ಅನ್ನುವುದು ಯಾರೋ ನಿನ್ನೆ ಮೊನ್ನೆ ಮಾರಾಟಕ್ಕಾಗಿ ಹುಟ್ಟಿಸಿದ ಮಾತಲ್ಲ.

ಈಗಿನ ಟೆನ್ಸ್ ಯಂತ್ರ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಬ್ಯಾಟರಿಯಲ್ಲಿ ನಡೆಯುತ್ತದೆ. ನಮ್ಮ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗಿ ದಿನಗಟ್ಟಲೆ ಕರೆಂಟು ಇಲ್ಲದಿರುವ ಊರುಗಳಿಗೆ ಇದು ಸಣ್ಣ ವಿಷಯ ಅಲ್ಲ. ಎರಡು ಅಥವಾ ನಾಲ್ಕು ಅಂಟಿನ ಪ್ಯಾಡು, ತಂತಿ, ಜಾಸ್ತಿ ಕಡಿಮೆ ಮಾಡುವ ಗುಂಡಿ. ಎರಡು ಮೂರು ಸಾವಿರ ರೂಪಾಯಿಗೆ ಸಾಧಾರಣ ಒಳ್ಳೆಯದು ಸಿಗುತ್ತದೆ. ಸೆಕೆಂಡಿಗೆ 80ರಿಂದ 120 ಮಿಡಿತ ಇಟ್ಟರೆ ಜುಮ್ ಜುಮ್ ಅನ್ನುತ್ತದೆ, ಆ ಬಾಗಿಲು ಮುಚ್ಚುವ ಕೆಲಸ ಮಾಡುವುದು ಇದೇ. ಸೆಕೆಂಡಿಗೆ 2ರಿಂದ 10 ಮಿಡಿತ ಇಟ್ಟು ಸ್ವಲ್ಪ ಜೋರು ಮಾಡಿದರೆ ಸ್ನಾಯು ಮೆಲ್ಲಗೆ ಕುಣಿಯುತ್ತದೆ. ಎರಡು ರೀತಿಯಲ್ಲೂ ದೇಹ ತಾನೇ ತಯಾರಿಸುವ, ಅಫೀಮಿನ ಗುಣದ ನೋವುನಿವಾರಕ ವಸ್ತುಗಳು ಕೆಲಸಕ್ಕೆ ಬರುತ್ತವೆ ಅಂತ ಪ್ರಯೋಗಗಳು ತೋರಿಸಿವೆ. ಹೊರಗಿನ ಮದ್ದು ಹಾಕದೆ ಒಳಗಿನ ಮದ್ದನ್ನೇ ಕರೆಯುವುದು. ನನಗೆ ಇದರ ಬಗ್ಗೆ ಇರುವ ಗೌರವ ಮುಖ್ಯವಾಗಿ ಈ ಕಾರಣಕ್ಕೆ.

ಇದನ್ನು ಪವಾಡ ಅಂತ ನಾನು ಹೇಳುತ್ತಿಲ್ಲ. ಅಧಿಕಾರಿಗಳ ಮುಂದೆ ಅರ್ಧ ಸತ್ಯ ಇಡುವುದು ನನಗೆ ಬೇಡ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟ ನೋವಿಗೆ ಟೆನ್ಸ್ ಕೊಡಬೇಡಿ ಅಂದಿತು. ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ದೀರ್ಘಕಾಲದ ಸೊಂಟ ನೋವಿನ ಮಾರ್ಗಸೂಚಿಯಲ್ಲಿ ಇದನ್ನು ಮಾಮೂಲಿ ಚಿಕಿತ್ಸೆಯಾಗಿ ಶಿಫಾರಸು ಮಾಡಲಿಲ್ಲ. ನಿಮ್ಮ ಇಲಾಖೆಯಲ್ಲಿ ಯಾರಾದರೂ ಈ ಕಾಗದಗಳನ್ನು ಮುಂದಿಟ್ಟು ನನ್ನ ಕೋರಿಕೆಯನ್ನು ಪಕ್ಕಕ್ಕೆ ಸರಿಸಬಹುದು. ಸರಿಸುವ ಮೊದಲು ಇನ್ನೊಂದು ಕಡೆಯನ್ನೂ ನೋಡಿ. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯಲ್ಲಿ ಎಲ್ಲ ಬಗೆಯ ನೋವು ಸೇರಿ 381 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಯಂತ್ರ ಹಾಕಿಕೊಂಡಿರುವಾಗ ಮತ್ತು ತೆಗೆದ ಕೂಡಲೇ ನೋವು ಕಡಿಮೆ ಇರುತ್ತದೆ, ದೊಡ್ಡ ಅಪಾಯ ಕಾಣಲಿಲ್ಲ ಅನ್ನುವುದು ಅದರ ಸಾರ. ಮೈಯೆಲ್ಲಾ ನೋವಿನ ಫೈಬ್ರೊಮಯಾಲ್ಜಿಯಾ ಇರುವ ಹೆಂಗಸರು ಮನೆಯಲ್ಲೇ ದಿನಾ ಬಳಸಿದಾಗ, ಕೆಲಸ ಮಾಡುವಾಗ ಓಡಾಡುವಾಗ ಬರುವ ನೋವು ಕಡಿಮೆಯಾಯಿತು ಅಂತ 2020ರ ಒಂದು ಅಮೆರಿಕನ್ ಅಧ್ಯಯನ ತೋರಿಸಿತು. ಅಮೆರಿಕದ ನರರೋಗ ವೈದ್ಯರ ಅಕಾಡೆಮಿ 2010ರಲ್ಲೇ ಎರಡು ಮಾತು ಬೇರೆ ಬೇರೆ ಮಾಡಿ ಹೇಳಿತ್ತು: ಬರೀ ಸೊಂಟ ನೋವಿಗೆ ಬೇಡ, ಆದರೆ ಸಕ್ಕರೆ ಕಾಯಿಲೆಯಿಂದ ನರ ಹಾಳಾಗಿ ಪಾದ ಉರಿಯುವವರಿಗೆ ಇದನ್ನು ಪರಿಗಣಿಸಬಹುದು. ನಮ್ಮ ಮನೆಗಳಲ್ಲಿ ರಾತ್ರಿ ಪಾದ ಉರಿ ಅಂತ ತಣ್ಣೀರಿನಲ್ಲಿ ಕಾಲಿಡುವ ಅಜ್ಜಿಯರು ಎಷ್ಟು ಜನ!

ಹಾಗಾಗಿ ನಾನು ಕೇಳುತ್ತಿರುವುದು ಎಲ್ಲರಿಗೂ ಒಂದೊಂದು ಯಂತ್ರ ಹಂಚಿ ಅಂತ ಅಲ್ಲ. ಅದು ದುಡ್ಡು ಹಾಳು. ಆಸ್ಪತ್ರೆಯಲ್ಲೇ ಹಾಕಿ ನೋಡಿ. ಕೆಲವರಿಗೆ ಚೆನ್ನಾಗಿ ಆಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ, ಅದು ಒಂದೆರಡು ವಾರದಲ್ಲೇ ಗೊತ್ತಾಗುತ್ತದೆ. ಆಗುವವರಿಗೆ ಮಾತ್ರ ಮನೆಗೆ ಕೊಡಿ. ಇನ್ನೊಂದು ಮಾತು. ಆ ಮಾರ್ಗಸೂಚಿಗಳು ಟೆನ್ಸ್ ಬೇಡ ಅನ್ನುವಾಗ ಅದರ ಬದಲು ವ್ಯಾಯಾಮ, ತಿಳಿವಳಿಕೆ, ಮಾನಸಿಕ ಬೆಂಬಲ ಕೊಡಿ ಅನ್ನುತ್ತವೆ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಇರುವ ಒಬ್ಬ ಹೆಂಗಸಿಗೆ ಇವತ್ತು ಟೆನ್ಸ್ ಬದಲು ಸಿಗುತ್ತಿರುವುದು ವ್ಯಾಯಾಮದ ಪಾಠ ಅಲ್ಲ, ಡೈಕ್ಲೋಫೆನಾಕ್. ಹೋಲಿಸಬೇಕಾದ್ದು ಅದರ ಜೊತೆ. ಮತ್ತೆ, ನೋವು ಒಂದು ಗಂಟೆ ತಗ್ಗಿದರೆ ಆ ಗಂಟೆಯಲ್ಲಿ ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಮಾಡಲು ಆಗುತ್ತದೆ. ನೋವಿನ ಭಯದಲ್ಲಿ ಮೈ ಬಗ್ಗಿಸದೇ ಇದ್ದವರು ಬಗ್ಗುತ್ತಾರೆ. ನಿಜವಾದ ಗುಣ ಬರುವುದು ಆ ವ್ಯಾಯಾಮದಿಂದ. ಯಂತ್ರ ಅದಕ್ಕೆ ದಾರಿ ಬಿಡಿಸಿ ಕೊಡುತ್ತದೆ.

ನನ್ನ ವಿಷಯವನ್ನೂ ಹೇಳುತ್ತೇನೆ, ಸುಮ್ನೆ ಓದಿಕೊಂಡು ಬರೆಯುತ್ತಿಲ್ಲ ಅಂತ ನಿಮಗೆ ಗೊತ್ತಾಗಲಿ. ನಾನು ಸೋಮವಾರಪೇಟೆ ಕಡೆಯ ಒಬ್ಬ ಸಣ್ಣ ಬೆಳೆಗಾರ. ಬೆನ್ನಿನ ಡಿಸ್ಕ್ ಜಾರಿ ಎಡಗಾಲಿಗೆ ಇಳಿಯುವ ನೋವು ಹಲವು ವರ್ಷಗಳಿಂದ ಜೊತೆಗಿದೆ. ಮೊದಲು ಹೋದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಕರೆಂಟು ಕೊಡುತ್ತೇವೆ ಅಂದರು. ಪ್ಯಾಡು ಅಂಟಿಸಿ, ಏನೂ ಗೊತ್ತಾಗದಷ್ಟು ಸಣ್ಣಗೆ ಇಟ್ಟು, ಹತ್ತು ನಿಮಿಷಕ್ಕೆ ತೆಗೆದು, ದುಡ್ಡು ತೆಗೆದುಕೊಂಡು ಕಳಿಸಿದರು. ಕರೆಂಟು ಎಷ್ಟಿರಬೇಕು, ಎಲ್ಲಿ ಅಂಟಿಸಬೇಕು, ಮನೆಯಲ್ಲಿ ಏನು ಮಾಡಬೇಕು, ಒಂದೂ ಹೇಳಲಿಲ್ಲ. ಇದರಲ್ಲಿ ಏನೂ ಇಲ್ಲ ಅಂದುಕೊಂಡು ಬಿಟ್ಟುಬಿಡುವವರೇ ಜಾಸ್ತಿ, ಯಾಕೆಂದರೆ ಅವರಿಗೆ ಸಿಗುವುದು ಇಂಥ ಅನುಭವವೇ. ಆಮೇಲೆ ಮೈಸೂರಿನಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಅಕ್ಕ ಕೂರಿಸಿ ಹೇಳಿಕೊಟ್ಟರು. ಜೋರಾಗಿ ಜುಮ್ ಅನ್ನಬೇಕು, ಆದರೆ ನೋವಾಗಬಾರದು. ಸ್ವಲ್ಪ ಹೊತ್ತಿಗೆ ಮೈ ಅದಕ್ಕೆ ಹೊಂದಿಕೊಂಡು ಜುಮ್ ಅನ್ನುವುದು ಕಡಿಮೆಯಾದಾಗ ಮತ್ತೆ ಸ್ವಲ್ಪ ಏರಿಸಬೇಕು. ಅರ್ಧ ಗಂಟೆಯಾದರೂ ಇಡಬೇಕು. ಎಷ್ಟೋ ಅಧ್ಯಯನಗಳಲ್ಲೂ ಕರೆಂಟು ತೀರಾ ಕಡಿಮೆ ಇಟ್ಟಿದ್ದರಿಂದಲೇ ಫಲ ಕಾಣಲಿಲ್ಲ ಅಂತ ಈ ಕ್ಷೇತ್ರದ ತಜ್ಞರೇ ಬರೆದಿದ್ದಾರೆ. ನನಗೆ ಈಗಲೂ ನೋವು ಇದೆ. ಆದರೆ ಸಂಜೆ ಯಂತ್ರ ಹಾಕಿಕೊಂಡ ಮೇಲೆ ವ್ಯಾಯಾಮ ಮಾಡುತ್ತೇನೆ, ನಿದ್ದೆ ಬರುತ್ತದೆ, ಮಾತ್ರೆಯ ಡಬ್ಬಿಯ ಕಡೆ ಕೈ ಹೋಗುವುದು ಅಪರೂಪ. ನನಗೆ ಸಿಕ್ಕ ಇಷ್ಟು ಹಾಯಿ ನನ್ನ ತೋಟಕ್ಕೆ ಕೆಲಸಕ್ಕೆ ಬರುವವರಿಗೂ ಸಿಗಬೇಕು. ಇದಕ್ಕಾಗಿ ಅವರು ಒಂದು ದಿನದ ಕೂಲಿ ಬಿಟ್ಟು, ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಬರುವುದು ಆಗದ ಮಾತು.

ದಿನಾ ಒಂದೇ ರೀತಿ ಇಟ್ಟರೆ ಕೆಲವು ದಿನಗಳಲ್ಲಿ ಅದರ ಶಕ್ತಿ ಕುಗ್ಗುತ್ತದೆ, ಮಾತ್ರೆಗೆ ಮೈ ಒಗ್ಗಿಕೊಳ್ಳುವ ಹಾಗೆಯೇ ಇದಕ್ಕೂ ಒಗ್ಗಿಕೊಳ್ಳುತ್ತದೆ. ಮಿಡಿತದ ವೇಗ ಬದಲಿಸಿ ಬದಲಿಸಿ ಇಡಬೇಕು. ಹೇಳಿಕೊಡುವ ಜನ ಬೇಕು ಅನ್ನುವುದು ಇದಕ್ಕೇ. ಸಂತೆಯಲ್ಲಿ, ಆನ್‌ಲೈನಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಮಂಡಿ ನೋವು ಮಾಯ ಅಂತ ಏನೇನೋ ಯಂತ್ರ ಮಾರುತ್ತಾರೆ. ಒಳಗಿನ ಪುಸ್ತಕ ಇಂಗ್ಲಿಷಿನಲ್ಲೋ ಚೀನಿ ಭಾಷೆಯಲ್ಲೋ ಇರುತ್ತದೆ. ಜನ ದುಡ್ಡು ಕೊಟ್ಟು ಮೋಸ ಹೋಗುತ್ತಾರೆ, ಒಮ್ಮೊಮ್ಮೆ ಚರ್ಮ ಸುಟ್ಟುಕೊಳ್ಳುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಕೊಠಡಿ ಇದ್ದರೆ ಈ ವ್ಯಾಪಾರಕ್ಕೂ ಕಡಿವಾಣ ಬೀಳುತ್ತದೆ.

ಕಾಫಿಯ ವಿಷಯ ಒಂದಿದೆ, ನಮ್ಮ ಜಿಲ್ಲೆಗೆ ಇದನ್ನು ಬಿಟ್ಟು ಬರೆಯಲು ಆಗುವುದಿಲ್ಲ. 1995ರಲ್ಲಿ ಕೆನಡಾದ ಸಂಶೋಧಕರು ಒಂದು ಸಣ್ಣ ಪ್ರಯೋಗ ಮಾಡಿದ್ದರು. ಮೊದಲೇ 200 ಮಿಲಿಗ್ರಾಂ ಕೆಫೀನ್ ಕೊಟ್ಟವರಲ್ಲಿ ಟೆನ್ಸ್ ನೋವು ತಗ್ಗಿಸುವುದು ಕಡಿಮೆಯಾಯಿತು. ಅಷ್ಟು ಕೆಫೀನ್ ಅಂದರೆ ಒಳ್ಳೆ ಸ್ಟ್ರಾಂಗ್ ಕಾಫಿ ಎರಡು ಲೋಟದ ಹತ್ತಿರ ಹತ್ತಿರ. ಕಾರಣವೂ ಇದೆ. ನೋವು ತಗ್ಗಿಸುವ ಕೆಲಸದಲ್ಲಿ ಅಡೆನೊಸಿನ್ ಅನ್ನುವ ವಸ್ತುವಿಗೆ ಪಾತ್ರ ಇದೆ, ಕೆಫೀನ್ ಅದನ್ನೇ ತಡೆಯುತ್ತದೆ. ಪ್ರಯೋಗ ಚಿಕ್ಕದು, ಅದರಿಂದ ದೊಡ್ಡ ತೀರ್ಮಾನ ಮಾಡುವುದು ಬೇಡ. ಆದರೂ ಯಂತ್ರ ಹಾಕುವ ಮೊದಲು ಕಾಫಿ ಬೇಡ, ಆಮೇಲೆ ಕುಡಿಯಿರಿ ಅಂತ ಒಂದು ಸಾಲು ಹೇಳಿದರೆ ನಷ್ಟವೇನೂ ಇಲ್ಲ. ಕರಿಕಾಫಿಯಲ್ಲೇ ಬೆಳಗು ಹುಟ್ಟುವ ನಮ್ಮ ಜನಕ್ಕೆ ಬೇರೆ ಯಾವ ಊರಿನ ಕೈಪಿಡಿಯೂ ಇದನ್ನು ಹೇಳಿಕೊಡುವುದಿಲ್ಲ.

ಎಚ್ಚರಿಕೆಗಳು ಇನ್ನೂ ಮುಖ್ಯ. ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೆ ಹೃದಯದ ಡಾಕ್ಟರು ಒಪ್ಪದೆ ಇದನ್ನು ಮುಟ್ಟಿಸಬಾರದು. ಬಸುರಿಯರ ಹೊಟ್ಟೆ, ಸೊಂಟದ ಮೇಲೆ ಬೇಡ. ಕತ್ತಿನ ಮುಂಭಾಗದಲ್ಲಿ ಖಂಡಿತ ಬೇಡ, ಅಲ್ಲಿನ ರಕ್ತನಾಳ ಮತ್ತು ನರಗಳಿಗೆ ಅದು ಅಪಾಯ. ಫಿಟ್ಸ್ ಇರುವವರು ಡಾಕ್ಟರನ್ನು ಕೇಳಬೇಕು. ಗಾಯದ ಮೇಲೆ, ಕ್ಯಾನ್ಸರ್ ಗಡ್ಡೆ ಇರುವ ಜಾಗದ ಮೇಲೆ, ರಕ್ತ ಹೆಪ್ಪುಗಟ್ಟಿದ ಕಾಲಿನ ಮೇಲೆ ಹಾಕಬಾರದು. ಸ್ಪರ್ಶವೇ ಗೊತ್ತಾಗದ ಚರ್ಮದ ಮೇಲೂ ಬೇಡ, ಯಾಕೆಂದರೆ ಕರೆಂಟು ಜಾಸ್ತಿಯಾದರೂ ತಿಳಿಯುವುದಿಲ್ಲ. ಪಾದ ಉರಿಯುವ ಸಕ್ಕರೆ ಕಾಯಿಲೆಯವರ ಪಾದವನ್ನು ಮೊದಲು ಮುಟ್ಟಿ ಪರೀಕ್ಷಿಸಿಯೇ ಮುಂದಕ್ಕೆ ಹೋಗಬೇಕು. ಹಾಕಿಕೊಂಡು ಏಣಿ ಹತ್ತಬಾರದು, ಕಳೆ ಮಿಷನ್ ಹಿಡಿಯಬಾರದು, ಜೀಪು ಬೈಕು ಓಡಿಸಬಾರದು, ಸ್ನಾನ ಮಾಡಬಾರದು, ಮಲಗಿ ನಿದ್ದೆ ಹೋಗಬಾರದು.

ಎಲ್ಲಕ್ಕಿಂತ ಮೊದಲು ಡಾಕ್ಟರು ನೋಡಬೇಕು. ಬೆನ್ನು ನೋವಿನ ಜೊತೆ ಜ್ವರ, ತೂಕ ಇಳಿಯುವುದು ಇದ್ದರೆ ಅದು ಬೆನ್ನುಮೂಳೆಯ ಕ್ಷಯ ಆಗಿರಬಹುದು. ಕಾಲಿಗೆ ಬಲ ಇಲ್ಲದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಂಥವರಿಗೆ ಕರೆಂಟು ಕೊಟ್ಟು ಮನೆಗೆ ಕಳಿಸಿದರೆ ಅನ್ಯಾಯ. ಇದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಿ, ಬೇರೆಲ್ಲೂ ಬೇಡ ಅಂತ ಕೇಳುವುದು ಈ ಕಾರಣಕ್ಕೆ.

ಬೆನ್ನುಹುರಿಯ ಹತ್ತಿರ ತಂತಿ, ಚರ್ಮದ ಕೆಳಗೆ ಬ್ಯಾಟರಿ ಇಡುವ ದೊಡ್ಡ ಚಿಕಿತ್ಸೆಯ ಬಗ್ಗೆಯೂ ಜನ ಕೇಳುತ್ತಾರೆ. ಆಪರೇಷನ್ ಆದರೂ ಹೋಗದ ಬೆನ್ನು ಕಾಲಿನ ನರದ ನೋವಿಗೆ ಅದು ಇದೆ. ಮೊದಲು ಕೆಲವು ದಿನ ತಂತಿಯನ್ನು ಹೊರಗಿನ ಯಂತ್ರಕ್ಕೆ ಜೋಡಿಸಿ ಪರೀಕ್ಷೆ ಮಾಡಿ, ಉಪಯೋಗ ಕಂಡರೆ ಮಾತ್ರ ಒಳಗೆ ಇಡುತ್ತಾರೆ. ಲಕ್ಷಗಟ್ಟಲೆ ಖರ್ಚು, ಬೆಂಗಳೂರಿನಂಥ ಊರಿಗೇ ಹೋಗಬೇಕು. ಅದು ನಮ್ಮ ಈಗಿನ ಬೇಡಿಕೆ ಅಲ್ಲ.

2019ರಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ಸುಸಜ್ಜಿತ ಆಸ್ಪತ್ರೆ ಬೇಕು ಅಂತ ನಮ್ಮ ಯುವಕರು ಆನ್‌ಲೈನಿನಲ್ಲಿ ದೊಡ್ಡ ಅಭಿಯಾನ ಮಾಡಿದ್ದು ನಿಮಗೆ ನೆನಪಿರಬೇಕು. ಆ ಬೇಡಿಕೆ ನ್ಯಾಯವಾದದ್ದು, ನಾನೂ ಅದರ ಪರ. ಅದಕ್ಕೆ ಕೋಟಿಗಳು ಬೇಕು, ವರ್ಷಗಳು ಬೇಕು. ನಾನು ಕೇಳುತ್ತಿರುವುದಕ್ಕೆ ಸಾವಿರಗಳು ಸಾಕು. ಹೊಸ ಕಾನೂನೂ ಬೇಕಿಲ್ಲ. ಹಿರಿಯ ನಾಗರಿಕರ ಆರೋಗ್ಯಕ್ಕಾಗಿ ಕೇಂದ್ರ ಸರ್ಕಾರ 2010-11ರಲ್ಲಿ ಶುರು ಮಾಡಿದ ರಾಷ್ಟ್ರೀಯ ಕಾರ್ಯಕ್ರಮದ ಮಾರ್ಗಸೂಚಿ ತೆಗೆದು ನೋಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಇರಬೇಕಾದ ಉಪಕರಣಗಳ ಪಟ್ಟಿಯಲ್ಲಿ ಟೆನ್ಸ್ ಯಂತ್ರದ ಹೆಸರು ಇದೆ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ನಡೆಯುತ್ತಿದೆ. ಅಲ್ಲಿನ ವೈದ್ಯರು ಒಂದು ದಿನದ ತರಬೇತಿ ಕೊಟ್ಟರೆ ತಾಲ್ಲೂಕಿನ ಸಿಬ್ಬಂದಿ ಕಲಿಯುತ್ತಾರೆ. ಈಗಾಗಲೇ ಯಾವುದಾದರೂ ಸರ್ಕಾರಿ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದ್ದರೆ, ಯಾವ ದಿನ ಯಾವ ಕೊಠಡಿ ಅಂತ ಆಶಾ ಕಾರ್ಯಕರ್ತೆಯರ ಮೂಲಕ ಲೈನ್ ಮನೆಗಳಿಗೆ, ಹಾಡಿಗಳಿಗೆ ಸುದ್ದಿ ಮುಟ್ಟಿಸಿ. ಗೊತ್ತಿಲ್ಲದ ಸೌಲಭ್ಯ ಇದ್ದರೂ ಇಲ್ಲದ ಹಾಗೆಯೇ.

ಸಂತೆ ದಿನ ಅಂತ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಕಾರ್ಮಿಕರು ಕೂಲಿ ಕಳೆದುಕೊಳ್ಳದೆ ಪೇಟೆಗೆ ಬರುವುದು ಅವತ್ತೇ. ಮಡಿಕೇರಿಗೆ ಶುಕ್ರವಾರ, ವಿರಾಜಪೇಟೆಗೆ ಬುಧವಾರ, ಸೋಮವಾರಪೇಟೆಗೆ ಸೋಮವಾರ. ಬೇರೆ ದಿನ ಎಷ್ಟು ಒಳ್ಳೆಯ ಕೊಠಡಿ ತೆರೆದರೂ ಅದು ಖಾಲಿ ಇರುತ್ತದೆ, ಆಮೇಲೆ ಜನರಿಗೆ ಬೇಕಾಗಿಲ್ಲ ಅಂತ ವರದಿ ಬರೆದು ಮುಚ್ಚುತ್ತಾರೆ. ಹೇಳಿಕೊಡುವ ಹಾಳೆಯನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಮಾಡಿ, ಓದಲು ಬಾರದವರಿಗೆ ಚಿತ್ರ ಹಾಕಿ: ಪ್ಯಾಡು ಇಲ್ಲಿ ಅಂಟಿಸಿ, ಇಲ್ಲಿ ಬೇಡ. ಮಳೆಗಾಲದಲ್ಲಿ ಪ್ಯಾಡಿನ ಅಂಟು ಬೇಗ ಹಾಳಾಗುತ್ತದೆ, ಅದನ್ನು ಕವರಿಗೆ ಹಾಕಿ ಇಡಬೇಕು ಅನ್ನುವುದನ್ನೂ ಬರೆಯಿರಿ. ಪ್ಯಾಡು ಒಬ್ಬೊಬ್ಬರಿಗೆ ಬೇರೆ ಇರಬೇಕು, ಕೆಲವು ವಾರಕ್ಕೆ ಬದಲಾಯಿಸಬೇಕು. ಮುಂದೆ ಖರ್ಚು ಬರುವುದು ಯಂತ್ರಕ್ಕಿಂತ ಇದಕ್ಕೇ ಜಾಸ್ತಿ, ಬಜೆಟ್ ಮಾಡುವಾಗ ಮರೆಯಬೇಡಿ.

ತೋಟದ ಮಾಲೀಕರಿಗೂ ಒಂದು ಮಾತು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ದೊಡ್ಡ ತೋಟದವರು ಕಾರ್ಮಿಕರ ವೈದ್ಯಕೀಯ ಸೌಲಭ್ಯ ನೋಡಿಕೊಳ್ಳಬೇಕು ಅನ್ನುವುದು ಕಾನೂನಿನಲ್ಲೇ ಇದೆ. ಆಳು ಸಿಗುವುದಿಲ್ಲ ಅಂತ ನಾವೆಲ್ಲ ಗೋಳಾಡುತ್ತೇವೆ. ಇರುವವರ ಸೊಂಟ ನೋಡಿಕೊಳ್ಳುವುದರ ಬಗ್ಗೆ ಎಷ್ಟು ಮಾತಾಡಿದ್ದೇವೆ? ಒಂದು ತೋಟಕ್ಕೆ ಎರಡು ಯಂತ್ರ ಕೊಡಿಸುವುದು ನಿಮಗೆ ಭಾರ ಅಲ್ಲ. ಆದರೆ ತೋಟದ ಲೆಕ್ಕ ನೋಡುವ ರೈಟರ ಕೈಯಲ್ಲಿ ಕೊಟ್ಟು ಎಲ್ಲರಿಗೂ ಹಾಕು ಅನ್ನಬೇಡಿ, ಆಸ್ಪತ್ರೆಯ ಮೂಲಕವೇ ಕೊಡಿಸಿ. ಮತ್ತೆ, ಯಂತ್ರ ಕೊಟ್ಟಿದ್ದೇವಲ್ಲ ಅಂತ ಚೀಲದ ತೂಕ ಜಾಸ್ತಿ ಮಾಡಬೇಡಿ. ಹೊರುವ ಭಾರ ಕಡಿಮೆ ಮಾಡುವುದು, ತೂಕದ ಜಾಗವನ್ನು ಕೊಯ್ಯುವ ಜಾಗದ ಹತ್ತಿರ ತರುವುದು, ಗಟ್ಟಿ ಏಣಿ ಕೊಡುವುದು, ಇದೆಲ್ಲ ಯಂತ್ರಕ್ಕಿಂತ ಮೊದಲು ಆಗಬೇಕಾದ ಕೆಲಸ.

ಎಲ್ಲಾ ತಾಲ್ಲೂಕಿನಲ್ಲಿ ಒಟ್ಟಿಗೆ ಶುರು ಮಾಡಿ ಅನ್ನುವುದಿಲ್ಲ. ಸೋಮವಾರಪೇಟೆ, ವಿರಾಜಪೇಟೆ ಎರಡು ಕಡೆ, ಒಂದು ಕೊಯ್ಲಿನ ಕಾಲ ಮಾಡಿ ನೋಡಿ. ಎಷ್ಟು ಜನ ಬಂದರು, ಎಷ್ಟು ಜನಕ್ಕೆ ನೋವು ತಗ್ಗಿತು, ಎಷ್ಟು ಜನ ಮಾತ್ರೆ ಕಡಿಮೆ ಮಾಡಿದರು, ಯಾರಿಗೆ ಏನೂ ಆಗಲಿಲ್ಲ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ, ಕಾಲ ಮುಗಿದ ಮೇಲೆ ಜನರ ಮುಂದೆ ಇಡಿ. ಉಪಯೋಗ ಇಲ್ಲ ಅಂತ ಕಂಡರೆ ನಿಲ್ಲಿಸಿ, ನಾನು ಒಂದು ಮಾತೂ ಆಡುವುದಿಲ್ಲ. ನಮ್ಮ ಕಡೆಯ ಕೆಲವು ಬೆಳೆಗಾರರು ಸೇರಿ ಮೊದಲ ಯಂತ್ರಗಳನ್ನು ಕೊಡಿಸಲು ತಯಾರಿದ್ದೇವೆ. ಅದಕ್ಕೆ ನಿಮ್ಮ ಕಚೇರಿಯಲ್ಲಿ ಯಾರನ್ನು ಭೇಟಿಯಾಗಬೇಕು, ಅರ್ಜಿ ಹೇಗೆ ಕೊಡಬೇಕು ಅನ್ನುವುದನ್ನು ಅರೇಬಿಕಾ ಹಣ್ಣಾಗುವ ಮೊದಲು ತಿಳಿಸಿ.

ಇಂತಿ,
ಸೋಮವಾರಪೇಟೆ ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ